ಒಬ್ಬರ ಹೊರೆ ಇನ್ನೊಬ್ಬರ ಹೆಗಲಿಗಿಲ್ಲ

ಪಾಪ ಮಾಡಿದವನು ಒಬ್ಬ, ಶಿಕ್ಷೆ ಅನುಭವಿಸಿದವನು ಇನ್ನೊಬ್ಬ. ಇದನ್ನು ನ್ಯಾಯವೆನ್ನಬಹುದೇ? ಕ್ರೈಸ್ತ ಸಹೋದರರೊಂದಿಗಿನ ನಮ್ಮ ಚರ್ಚೆ ಹಲವು ಬಾರಿ ಈ ಪ್ರಶ್ನೆಯ ಬಳಿಗೇ ಬಂದು ನಿಲ್ಲುತ್ತದೆ. ಮನುಷ್ಯನು ಆದಮನ ಪಾಪದೊಂದಿಗೇ ಹುಟ್ಟುತ್ತಾನೆ, ಯೇಸುವಿನ ಶಿಲುಬೆ ಮರಣವೇ ಅದಕ್ಕೆ ಪ್ರಾಯಶ್ಚಿತ್ತ, ಅದನ್ನು ನಂಬಿದವನಿಗೆ ರಕ್ಷಣೆ ಎಂಬುದು ಅವರ ನಿಲುವು. ಅವರ ಭಕ್ತಿಯನ್ನು ಗೌರವಿಸುತ್ತಲೇ ಈ ನಿಲುವನ್ನು ನಾವು ನಿರಾಕರಿಸುತ್ತೇವೆ.

ಜನ್ಮಪಾಪದ ಸಿದ್ಧಾಂತಕ್ಕೆ ಪೌಲನ ಪತ್ರಿಕೆಗಳು ಆಧಾರವೆಂದು ಅವರು ಹೇಳುತ್ತಾರೆ. ಆದರೆ ಕ್ರೈಸ್ತರೊಳಗೇ ಪೆಲಾಜಿಯಸ್ ಎಂಬ ಸಾಧಕ ಇದನ್ನು ಪ್ರಶ್ನಿಸಿದ್ದರು. ಸಂತ ಅಗಸ್ಟೀನರು ಅವರನ್ನು ಎದುರಿಸಿದರು. ಕೊನೆಗೆ 418ರಲ್ಲಿ ಕಾರ್ತೇಜ್‌ನ ಧರ್ಮಸಭೆ ಪೆಲಾಜಿಯಸರ ವಾದವನ್ನು ಖಂಡಿಸಿತು. ಅವರದೇ ಬೈಬಲ್‌ನ ಯೆಹೆಜ್ಕೇಲನ ಗ್ರಂಥದ 18ನೇ ಅಧ್ಯಾಯವಾದರೋ, ತಂದೆಯ ದೋಷವನ್ನು ಮಗನು ಹೊರುವುದಿಲ್ಲವೆಂದು ಸ್ಪಷ್ಟವಾಗಿ ಸಾರುತ್ತದೆ.

1517ರಲ್ಲಿ ಜರ್ಮನಿಯಲ್ಲಿ ಪಾಪವಿಮೋಚನಾ ಪತ್ರಗಳ ಮಾರಾಟ ನಡೆದಿತ್ತು. ಅದರ ಹಣದ ಒಂದು ಭಾಗ ರೋಮ್‌ನ ಸಂತ ಪೀಟರ್ ದೇವಾಲಯದ ನಿರ್ಮಾಣಕ್ಕೆ ಸಲ್ಲುತ್ತಿತ್ತು. ಅದರ ವಿರುದ್ಧ ದನಿಯೆತ್ತಿದ ಮಾರ್ಟಿನ್ ಲೂಥರರ ಧೈರ್ಯವನ್ನು ನಾವು ಮೆಚ್ಚುತ್ತೇವೆ. ಆದರೆ ನಾಣ್ಯವನ್ನು ತೆಗೆದ ಜಾಗದಲ್ಲಿ ಅವರು ವಿಶ್ವಾಸವೊಂದನ್ನೇ ಇಟ್ಟರು. ಸತ್ಕರ್ಮವು ವಿಶ್ವಾಸದ ಫಲವೆಂದು ಅವರು ಒಪ್ಪಿದರೂ, ರಕ್ಷಣೆಯ ಲೆಕ್ಕದಲ್ಲಿ ಅದಕ್ಕೆ ಸ್ಥಾನ ಕೊಡಲಿಲ್ಲ. ಕರ್ಮವಿಲ್ಲದ ವಿಶ್ವಾಸ ಸತ್ತದ್ದೆನ್ನುವ ಯಾಕೋಬನ ಪತ್ರಿಕೆಯನ್ನು 1522ರಲ್ಲಿ ಅವರು ಹುಲ್ಲಿಗೆ ಹೋಲಿಸಿದರು. ಆದರೆ ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯದಲ್ಲಿ, ಅಂತಿಮ ತೀರ್ಪಿನಲ್ಲಿ ಪರಿಗಣನೆಗೆ ಬರುವುದು ಹಸಿದವನಿಗೆ ನೀಡಿದ ಅನ್ನ, ರೋಗಿಯನ್ನು ಕಂಡು ಬಂದದ್ದು. ಸಹೀಹ್ ಮುಸ್ಲಿಮ್‌ನ ಒಂದು ಹದೀಸ್ ಕುದ್ಸಿಯಲ್ಲಿಯೂ ಅಲ್ಲಾಹನು ದಾಸನನ್ನು ಇವುಗಳ ಕುರಿತೇ ಪ್ರಶ್ನಿಸುತ್ತಾನೆ.

ಪವಿತ್ರ ಕುರ್‌ಆನ್‌ನ ಮಾತು ನೇರವಾಗಿದೆ. ಆದಮ್(ಅ) ತಪ್ಪಿದರು, ಪಶ್ಚಾತ್ತಾಪಪಟ್ಟರು, ಅಲ್ಲಾಹನು ಕ್ಷಮಿಸಿದನು. ಅಲ್ಲಿಗೆ ಆ ವಿಷಯ ಮುಗಿಯಿತು. ಮಕ್ಕಳಿಗೆ ಉಳಿಸಿದ ಸಾಲವೇನೂ ಇಲ್ಲ. ಹೊರೆ ಹೊತ್ತವನಾರೂ ಇನ್ನೊಬ್ಬನ ಹೊರೆಯನ್ನು ಹೊರನೆಂದು ಅಲ್ ಅನ್‌ಆಮ್ ಅಧ್ಯಾಯದ 164ನೇ ವಚನ ತಿಳಿಸುತ್ತದೆ.

ಹಾಗಾದರೆ ದೇವಕೃಪೆಗೆ ಎಡೆಯಿಲ್ಲವೇ ಎಂದು ಕೇಳಬಹುದು. ಖಂಡಿತ ಇದೆ, ತೌಬಾದ ಬಾಗಿಲು ತೆರೆದೇ ಇದೆ. ಕ್ಷಮಿಸುವ ಅಧಿಕಾರವುಳ್ಳ ಪರಮ ಕರುಣಾಮಯನಿಗೆ ನಿರಪರಾಧಿಯೊಬ್ಬನ ರಕ್ತವೇಕೆ ಬೇಕು? ಬೆಲೆ ತೆತ್ತ ಬಳಿಕ ಬಿಡುಗಡೆ ಮಾಡಿದರೆ ಅದು ಸಾಲದ ವಸೂಲಿಯಾಗುತ್ತದೆ. ಬೆಲೆ ಕೇಳದೆ ಬಿಡುವುದೇ ಕ್ಷಮೆ.

ಈ ವಾದ ಹೊರಗಿನವರಿಗಷ್ಟೇ ಅಲ್ಲ. ಮುಸ್ಲಿಮ್ ಮನೆಯಲ್ಲಿ ಹುಟ್ಟಿದ್ದೇ ಸಾಕು, ಪ್ರವಾದಿವರ್ಯರ(ಸ) ಶಫಾಅತ್ ನಮ್ಮನ್ನು ದಾಟಿಸುತ್ತದೆ ಎಂದು ನೆಮ್ಮದಿಯಿಂದಿರುವವರು ನಮ್ಮಲ್ಲಿಯೂ ಇದ್ದಾರೆ. ಶಫಾಅತ್ ಸತ್ಯ, ಆದರೆ ಅದು ಅಲ್ಲಾಹನ ಅನುಮತಿಗೆ ಒಳಪಟ್ಟದ್ದು. ತಮ್ಮ ಸಂಪತ್ತಿನಿಂದ ಬೇಕಾದುದನ್ನು ಕೇಳು, ಅಲ್ಲಾಹನೆದುರು ನಿನ್ನ ಪಾಲಿಗೆ ನಾನು ಏನೂ ಮಾಡಲಾರೆ ಎಂಬರ್ಥದಲ್ಲಿ ಪ್ರವಾದಿ(ಸ) ಎಚ್ಚರಿಸಿದ್ದು ಸ್ವಂತ ಮಗಳು ಫಾತಿಮಾರನ್ನು(ರ). ಹೀಗಿರುವಾಗ, ತಂದೆಯ ಆಸ್ತಿಯಲ್ಲಿ ಸಹೋದರಿಗೆ ಸಲ್ಲಬೇಕಾದ ಪಾಲನ್ನು ಹಿಡಿದಿಟ್ಟುಕೊಂಡು ಮೊದಲ ಸಾಲಿನಲ್ಲಿ ನಮಾಝ್‌ಗೆ ನಿಲ್ಲುವವನು ಯಾರ ಭರವಸೆಯಲ್ಲಿದ್ದಾನೆ? ಅಂದು ಆ ಸಹೋದರಿ ಎದುರಿಗಿರುತ್ತಾಳೆ. ಉತ್ತರವನ್ನು ಅವನೇ ಕೊಡಬೇಕು. ಅವಳ ಪಾಲನ್ನು ಹಿಂದಿರುಗಿಸಲು ಇಂದು ಅವನಿಗೆ ಸಮಯವಿದೆ.