ಗೋಡೆಗೆ ಬೇಕಾದ ಬಲ, ಅಚ್ಚಿಗೆ ಬೇಕಾದ ಅವಸರ

ನಗರದ ಬಹುಮಹಡಿ ಕಟ್ಟಡಗಳ ಹೊರಗೋಡೆಯನ್ನು ಸ್ಥಳದಲ್ಲಿ ಕಟ್ಟದೆ, ಕಾರ್ಖಾನೆಯಲ್ಲಿ ಎರಕ ಹೊಯ್ದು ಲಾರಿಯಲ್ಲಿ ತಂದು ಕ್ರೇನಿನಿಂದ ಜೋಡಿಸುವ ಪದ್ಧತಿ ಬೆಳೆಯುತ್ತಿದೆ. ಪ್ರೀಕಾಸ್ಟ್ ಕಾಂಕ್ರೀಟ್ ಫಲಕಗಳೆಂದು ಇವುಗಳ ಹೆಸರು. ಸಾಮಗ್ರಿ ಪೋಲಾಗುವುದಿಲ್ಲ, ಒಂದೇ ಅಚ್ಚು ಹಲವು ಸಲ ಬಳಕೆಗೆ ಬರುತ್ತದೆ, ಆದ್ದರಿಂದ ಇದು ‘ಹಸಿರು’ ಎಂಬುದು ತಯಾರಕರ ವಾದ. ಇದರಲ್ಲಿ ಸತ್ಯಾಂಶವಿದೆ, ಮರೆಮಾಚಿದ ಭಾಗ ಮಾತ್ರ ಅದಕ್ಕಿಂತ ದೊಡ್ಡದು.

ಸಿಮೆಂಟಿನ ತಿರುಳಾದ ಕ್ಲಿಂಕರಿಗಾಗಿ ಸುಣ್ಣಕಲ್ಲನ್ನು ಸುಮಾರು 1450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಡಬೇಕು. ಆಗ ಹೊರಬೀಳುವ ಇಂಗಾಲದ ಡೈಆಕ್ಸೈಡಿನಲ್ಲಿ ಅರ್ಧಕ್ಕೂ ಮಿಕ್ಕ ಪಾಲು ಇಂಧನದ್ದಲ್ಲ, ಸುಣ್ಣಕಲ್ಲಿನ ಒಡಲಿನದೇ. ಕುಲುಮೆಗೆ ಸೌರಶಕ್ತಿಯನ್ನೇ ಕೊಟ್ಟರೂ ಅದು ನಿಲ್ಲದು. ಜಗತ್ತಿನ ಒಟ್ಟು ಇಂಗಾಲದ ಡೈಆಕ್ಸೈಡ್ ಉಗುಳುವಿಕೆಯಲ್ಲಿ ಸಿಮೆಂಟಿನ ಪಾಲು ಶೇ. 8ರ ಆಸುಪಾಸಿನಲ್ಲಿದೆ.

ಹೊರಗೋಡೆಯ ಫಲಕ ಸಾಮಾನ್ಯವಾಗಿ ಕಟ್ಟಡದ ಭಾರ ಹೊರುವುದಿಲ್ಲ. ತನ್ನ ತೂಕವನ್ನೂ ಗಾಳಿಯ ಒತ್ತಡವನ್ನೂ ತಾಳಿಕೊಂಡರೆ ಸಾಕು. ಹಾಗಿದ್ದೂ ಅದಕ್ಕೆ ಧಾರಾಳವಾಗಿ ಸಿಮೆಂಟು ಸುರಿಯುವುದೇಕೆ? ಮರುದಿನವೇ ಅಚ್ಚು ಬರಿದಾಗಬೇಕು, ಅಷ್ಟೇ. ಅದಕ್ಕಾಗಿಯೇ ಹಬೆಯಲ್ಲಿ ಬೇಯಿಸುವುದೂ ಉಂಟು. ಹಾರುಬೂದಿ ಬೆರೆಸಿದ ಕಾಂಕ್ರೀಟು ನಿಧಾನವಾಗಿ ಗಟ್ಟಿಯಾಗುತ್ತದೆಂದು ಕಾರ್ಖಾನೆಗಳು ಹಿಂಜರಿಯುತ್ತವೆ. ಗೋಡೆ ಐವತ್ತು ವರ್ಷ ನಿಲ್ಲಬೇಕಾದದ್ದು. ಅದಕ್ಕಾಗಿ ಕೆಲವು ದಿನ ಕಾಯಲಾರದ ಉದ್ಯಮ ತನ್ನನ್ನು ಹಸಿರೆಂದು ಕರೆದುಕೊಳ್ಳುತ್ತಿದೆ.

ದಾರಿಗಳಿಲ್ಲವೆಂದಲ್ಲ. ಸುಟ್ಟ ಜೇಡಿಯನ್ನೂ ಸುಡದ ಸುಣ್ಣಕಲ್ಲಿನ ಪುಡಿಯನ್ನೂ ಬೆರೆಸಿದ ಎಲ್‌ಸಿ3 ಸಿಮೆಂಟಿನಲ್ಲಿ ಕ್ಲಿಂಕರ್ ಅರ್ಧಕ್ಕಿಳಿಯುತ್ತದೆ, ಇಂಗಾಲ ಸುಮಾರು ಶೇ. 30ರಿಂದ 40ರಷ್ಟು ತಗ್ಗುತ್ತದೆ. ಭಾರತೀಯ ಮಾನಕ ಬ್ಯೂರೋ 2023ರಲ್ಲಿಯೇ ಇದಕ್ಕೆ ಮಾನಕ ಗೊತ್ತುಪಡಿಸಿದೆ. (ಜೇಡಿಯೂ ಯಾವುದೋ ಊರಿನ ನೆಲವೇ ಎಂಬುದನ್ನು ಮರೆಯಬಾರದು.) ಕಬ್ಬಿಣದ ಬದಲು ಗಾಜಿನ ಎಳೆ ಬಳಸಿದರೆ ತುಕ್ಕಿನ ಭಯವಿಲ್ಲ, ಅಂಗೈ ಅಗಲದ ದಪ್ಪ ಬೆರಳಿನಷ್ಟಕ್ಕೆ ಇಳಿಯುತ್ತದೆ. ಬೆಸೆಯುವ ಬದಲು ಬೋಲ್ಟಿನಿಂದ ಜೋಡಿಸಿದರೆ ಕಟ್ಟಡ ಕೆಡವುವಾಗ ಫಲಕವನ್ನು ಬಿಚ್ಚಿ ಇನ್ನೊಂದೆಡೆ ಬಳಸಬಹುದು.

ಮಲೆನಾಡಿಗೆ ಇದರ ಸಂಬಂಧ ದೂರದ್ದಲ್ಲ. ಹೊಳೆಯ ಮರಳಿಗೆ ಕಡಿವಾಣ ಬಿದ್ದ ಮೇಲೆ ಜಲ್ಲಿಯ ಜೊತೆಗೆ ಎಂ-ಸ್ಯಾಂಡ್ ಕೂಡ ಕಲ್ಲುಗುಡ್ಡಗಳನ್ನು ಒಡೆದೇ ಬರುತ್ತಿದೆ. ಫಲಕದ ದಪ್ಪ ಇಂಚಿನಷ್ಟು ಇಳಿದರೂ ಅಷ್ಟು ಗುಡ್ಡ ಉಳಿದಂತೆ.

ಗದ್ದೆಗೂ ಸಂಬಂಧವಿದೆ. ಸಾವಿರ ಕಿಲೋ ಭತ್ತದಲ್ಲಿ ಸುಮಾರು 200 ಕಿಲೋ ಉಮಿ, ಅದನ್ನು ಸುಟ್ಟರೆ ಸುಮಾರು 40 ಕಿಲೋ ಬೂದಿ. ಬೂದಿಯ ಬಹುಪಾಲು ಸಿಲಿಕಾ. ಹದವಾದ, ಸುಮಾರು 700 ಡಿಗ್ರಿ ಮೀರದ ಉಷ್ಣತೆಯಲ್ಲಿ ಸುಟ್ಟರೆ ಸಿಮೆಂಟಿನ ಒಂದು ಪಾಲನ್ನು ಅದು ತುಂಬಬಲ್ಲದು. ಅತಿಯಾಗಿ ಸುಟ್ಟರೆ ಸಿಲಿಕಾ ಹರಳುಗಟ್ಟಿ ನಿಷ್ಪ್ರಯೋಜಕವಾಗುತ್ತದೆ, ಉಸಿರಿಗೂ ಕೇಡು. ನೀರನ್ನು ಹೆಚ್ಚು ಹೀರುವುದರಿಂದ ಮಿಶ್ರಣದ ಹದವೂ ಬೇರೆ. ಇದನ್ನು ಕಲಿಸುವ ಕೆಲಸ ಎಂಜಿನಿಯರಿಂಗ್ ಕಾಲೇಜುಗಳದ್ದು, ಕೊಳ್ಳುವ ಕೆಲಸ ಸರಕಾರದ್ದು. ಸರಕಾರಿ ಕಟ್ಟಡದ ಟೆಂಡರಿನಲ್ಲಿ 28 ದಿನದ ಬಲದ ಬದಲು 56 ದಿನದ ಬಲವನ್ನು ಕೇಳಿ, ಪ್ರತಿ ಫಲಕದ ಇಂಗಾಲದ ಲೆಕ್ಕವನ್ನೂ ಬರೆದುಕೊಡಬೇಕೆಂದು ಒಂದು ಸಾಲು ಸೇರಿಸುವುದಕ್ಕೆ ಯಾವ ಹೊಸ ತಂತ್ರಜ್ಞಾನವೂ ಬೇಕಿಲ್ಲ.