ಟ್ಯೂಷನ್ ಕಲಿಸೋದು ಏನನ್ನ? ಹಲಗೂರಿನಿಂದ ಒಂದು ನೋಟ

ಹಲಗೂರಿನಲ್ಲಿ ಸಂಜೆ ಹೊತ್ತು ಹತ್ತನೇ ತರಗತಿ ಮಕ್ಕಳಿಗೆ ದುಡ್ಡು ತಗೊಂಡು ಪಾಠ ಹೇಳ್ತೀನಿ. ಹಾಗಾಗಿ ಟ್ಯೂಷನ್ ಬಗ್ಗೆ ನಾನು ಬರೆಯೋದನ್ನ ಸ್ವಲ್ಪ ಅನುಮಾನದಿಂದಲೇ ಓದಿ.

ನನ್ನ ಹತ್ರ ಬರುವ ಬಹುತೇಕ ಮಕ್ಕಳಿಗೆ ಓದೋದು ಹೇಗೆ ಅಂತ ಯಾರೂ ಹೇಳಿಕೊಟ್ಟಿಲ್ಲ. ಕಳೆದ ವರ್ಷ ಒಬ್ಬಳು ಹುಡುಗಿ ವಿಜ್ಞಾನದ ಉತ್ತರಗಳನ್ನು ಗೈಡಿನಲ್ಲಿ ಇದ್ದಂಗೇ ಅಕ್ಷರ ಬಿಡದೆ ಒಪ್ಪಿಸ್ತಿದ್ದಳು. ಅದೇ ಪ್ರಶ್ನೆಯನ್ನ ತಿರುಗಿಸಿ ಕೇಳಿದರೆ ಸುಮ್ಮನೆ ನಿಲ್ಲೋಳು. ಅವಳಿಗೆ ನಾನು ಹೊಸದಾಗಿ ಪಾಠ ಮಾಡಲಿಲ್ಲ. ಒಂದು ಪುಟ ಓದು, ಪುಸ್ತಕ ಮುಚ್ಚು, ನೆನಪಿದ್ದದ್ದನ್ನ ನಿನ್ನ ಮಾತಲ್ಲೇ ಬರಿ, ಆಮೇಲೆ ಪುಸ್ತಕ ತೆಗೆದು ಬಿಟ್ಟುಹೋದದ್ದನ್ನ ಕೆಂಪು ಪೆನ್ನಲ್ಲಿ ಸೇರಿಸು ಅಂದೆ. ಮೂರು ದಿನ ಬಿಟ್ಟು ಅದನ್ನೇ ಇನ್ನೊಮ್ಮೆ. ಮೊದಲ ವಾರ ಪುಟವೆಲ್ಲ ಕೆಂಪು, ಅತ್ತೇಬಿಟ್ಟಳು. ದೀಪಾವಳಿ ಹೊತ್ತಿಗೆ ಪ್ರಶ್ನೆಗಳನ್ನೂ ತಾನೇ ಬರೆದುಕೊಂಡು ಬರ್ತಿದ್ದಳು. ಇದರಲ್ಲಿ ನನ್ನ ಜಾಣತನ ಏನೂ ಇಲ್ಲ. ಹನ್ನೆರಡು ಮಕ್ಕಳಿದ್ದಾಗ ಒಬ್ಬೊಬ್ಬರ ನೋಟ್ಸೂ ನೋಡೋಕಾಗುತ್ತೆ, ಅಷ್ಟೇ. ಅರವತ್ತು ಜನರನ್ನ ಕೂರಿಸಿ ‘ಇಂಪಾರ್ಟೆಂಟ್ ಪ್ರಶ್ನೆ’ಗಳಿಗೆ ಗುರುತು ಹಾಕಿಸೋದೂ ಟ್ಯೂಷನ್ನೇ. ಅಲ್ಲಿ ಬಾಯಿಪಾಠದ ಚಟ ಇನ್ನಷ್ಟು ಬಲಿಯುತ್ತೆ.

2024ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ವೆಬ್‌ಕಾಸ್ಟಿಂಗ್ ಬಂತು. ಹಿಂದಿನ ವರ್ಷ ಶೇ. 83.89 ಇದ್ದ ರಾಜ್ಯದ ಫಲಿತಾಂಶ, ಕೃಪಾಂಕವನ್ನು ಶೇ. 20ಕ್ಕೆ ಏರಿಸಿದ ಮೇಲೂ 73.40ಕ್ಕೆ ಇಳಿಯಿತು. ಆ ಹೆಚ್ಚುವರಿ ಕೃಪಾಂಕ ಇಲ್ಲದ 2025ರ ಮೊದಲ ಪರೀಕ್ಷೆಯಲ್ಲಿ 62.34. ನಾವು ಇಷ್ಟು ವರ್ಷ ಮುಚ್ಚಿಟ್ಟಿದ್ದನ್ನ ಕ್ಯಾಮೆರಾ ತೋರಿಸ್ತು. ಕ್ಯಾಮೆರಾ ಹಾಕಿಸಿದ್ದು ಸರ್ಕಾರ. ಸ್ವಂತವಾಗಿ ಓದೋದನ್ನ ಕಲಿಸುವ ಖರ್ಚು ಮಾತ್ರ ಅಪ್ಪ-ಅಮ್ಮನ ತಲೆಗೆ.

ಕೇಂದ್ರ ಸರ್ಕಾರದ 2025ರ ಶಿಕ್ಷಣ ಸಮೀಕ್ಷೆ ಪ್ರಕಾರ ದೇಶದ ಹಳ್ಳಿಗಳಲ್ಲಿ ಶೇ. 25.5ರಷ್ಟು ವಿದ್ಯಾರ್ಥಿಗಳು ಖಾಸಗಿ ಕೋಚಿಂಗ್‌ಗೆ ಹೋಗ್ತಾರೆ. ಉಳಿದ ಮುಕ್ಕಾಲು ಪಾಲಿನ ಕತೆ ಏನು? ನಮ್ಮ ಕಡೆ ಫೀಸ್ ಕಟ್ಟಲಾಗದವರು ಇದ್ದೇ ಇದ್ದಾರೆ. ರೇಷ್ಮೆ ಹುಳಕ್ಕೆ ಸೊಪ್ಪು ತರೋಕೆ ಮನೇಲಿ ಬೇಕಾದವರಿದ್ದಾರೆ. ಕತ್ತಲಾದ ಮೇಲೆ ಊರಿಗೆ ಬಸ್ಸಿಲ್ಲ ಅಂತ ಮನೆಯವರು ಬಿಡಿಸಿಬಿಟ್ಟ ಹೆಣ್ಣುಮಕ್ಕಳಿದ್ದಾರೆ. ಶಕ್ತಿ ಯೋಜನೆಯಲ್ಲಿ ಟಿಕೆಟ್ ಬೇಡ, ನಿಜ. ಬಸ್ಸೇ ಬರದಿದ್ದರೆ?

ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ. ಮಕ್ಕಳನ್ನ ಅಲ್ಲಿಗೆ ಕರೆತರೋಕೆ 2020ರಲ್ಲೇ ‘ಓದುವ ಬೆಳಕು’ ಅಭಿಯಾನ ಶುರುವಾಯ್ತು. ಶಾಲಾ ಶಿಕ್ಷಕರು ಖಾಸಗಿ ಟ್ಯೂಷನ್ ಮಾಡುವಂತಿಲ್ಲ ಅನ್ನುತ್ತೆ ಆರ್‌ಟಿಇ ಕಾಯ್ದೆಯ 28ನೇ ಕಲಂ, ಸರಿಯೇ. ಆದರೆ ಡಿಗ್ರಿ ಮುಗಿಸಿ ಕೆಲಸಕ್ಕೆ ಕಾಯ್ತಿರೋ ಹುಡುಗ-ಹುಡುಗಿಯರು ಊರೂರಲ್ಲಿ ಇದ್ದಾರಲ್ಲ? ಒಬ್ಬರಿಗೆ ಗೌರವಧನ ಕೊಟ್ಟು, ಸಂಜೆ ಆರರಿಂದ ಎಂಟರವರೆಗೆ ಅರಿವು ಕೇಂದ್ರದಲ್ಲಿ ಕೂರಿಸಿ, ಮಕ್ಕಳ ನೋಟ್ಸ್ ನೋಡಿಸಿದರೆ ನಾನು ಮಾಡೋ ಕೆಲಸದ ಮುಕ್ಕಾಲು ಅಲ್ಲೇ ಆಗುತ್ತೆ. ಹಲಗೂರಿನ ತನಕ ಬರೋದೂ ತಪ್ಪುತ್ತೆ.

ಮುಂದಿನ ಗ್ರಾಮಸಭೆಯಲ್ಲಿ ಇದನ್ನ ಕೇಳ್ತೀನಿ. ನೀವೂ ನಿಮ್ಮೂರಲ್ಲಿ ಕೇಳಿ. ನನ್ನ ಟ್ಯೂಷನ್ನಿಗೆ ಮಕ್ಕಳು ಕಮ್ಮಿಯಾದರೆ ಆಗಲಿ.