ಅಟ್ಟದ ಗೋಡೆಯನ್ನು ಕೆಡಹುವ ಮುನ್ನ

1953ರಲ್ಲಿ ತುಂಗಭದ್ರಾ ಅಣೆಕಟ್ಟು ಪೂರ್ಣಗೊಂಡ ಬಳಿಕ ಎಡದಂಡೆಯ ಕಾಲುವೆಯ ನೀರು ಗಂಗಾವತಿಯ ಸೀಮೆಯನ್ನು ಬತ್ತದ ಕಣಜವನ್ನಾಗಿ ಮಾಡಿತು. ಶ್ರೀರಾಮನಗರದಂತಹ ಊರುಗಳು ಬೆಳೆದವು. ಈ ಸೀಮೆಯ ಹಳೆಯ ಹಳ್ಳಿಗಳಲ್ಲಿ ಕಲ್ಲುಮಣ್ಣಿನ ದಪ್ಪ ಗೋಡೆ, ಮರದ ತೊಲೆ ಜಂತೆಗಳು, ಅವುಗಳ ಮೇಲೆ ಮಣ್ಣಿನ ಮೇಲ್ಮುದ್ದೆ ಉಳ್ಳ ಮನೆಗಳು ಇಂದಿಗೂ ಇವೆ. ಹಿಂದೆ ಕಾಳುಕಡಿಗಳನ್ನಿಡುತ್ತಿದ್ದ ಅಟ್ಟವು ಇಂದು ಕಾಲೇಜಿಗೆ ಹೋಗುವ ಮಕ್ಕಳ ಓದುವ ಕೋಣೆಯಾಗಬೇಕಾಗಿದೆ. ಮನೆಯನ್ನು ಹೊಸದಾಗಿಸುವಾಗ ಮೊದಲ ಪೆಟ್ಟು ಬೀಳುವುದು ಅಟ್ಟದ ಗೋಡೆಗೆ. ಆ ಪೆಟ್ಟಿಗೆ ಮುಂಚೆ ಭೌತವಿಜ್ಞಾನದ ಸಲಹೆಯನ್ನು ಕೇಳಬೇಕೆಂಬುದು ನನ್ನ ಅಭಿಪ್ರಾಯ.

ಗೋಡೆಗಳಲ್ಲಿ ಎರಡು ಬಗೆ. ಕೆಲವು ಕೇವಲ ಮರೆಗಾಗಿ ನಿಂತವು. ಕೆಲವು ಛಾವಣಿಯ ಭಾರವನ್ನು ಹೊತ್ತು ತಳಪಾಯಕ್ಕೆ ಮುಟ್ಟಿಸುವವು. ತೆಳುವಾದ ಗೋಡೆಯೆಲ್ಲ ಮರೆಯ ಗೋಡೆಯೆಂದು ತಿಳಿಯಲಾಗದು. ತೊಲೆಯ ತುದಿ ಎಲ್ಲಿ ಊರಿದೆಯೆಂಬುದನ್ನು ಕಣ್ಣಾರೆ ಕಾಣಬೇಕು. ಒಂದು ಅಡಿ ದಪ್ಪದ ಮೇಲ್ಮುದ್ದೆಯು ಚದರ ಮೀಟರಿಗೆ ಸುಮಾರು 500 ಕಿಲೋಗ್ರಾಂ ತೂಗುತ್ತದೆ. ಮಳೆಗಾಲದಲ್ಲಿ ನೀರುಂಡು ಇನ್ನಷ್ಟು ಭಾರವಾಗುತ್ತದೆ. ನಡುಗೋಡೆಯ ಮೇಲೆ ಎರಡು ತೊಲೆಗಳ ತುದಿಗಳು ಕೂಡಿದ್ದರೆ, ಅದನ್ನು ತೆಗೆದೊಡನೆ ಎರಡೂ ಆಸರೆಯನ್ನು ಕಳೆದುಕೊಳ್ಳುವುವು. ‘ಒಂದೇ ಉದ್ದದ ತೊಲೆಯನ್ನು ಹಾಕಿದರಾಯಿತು’ ಎನ್ನುವವರುಂಟು. ಎರಡು ತುದಿಗಳಲ್ಲಿ ಮಾತ್ರ ಊರಿದ, ಉದ್ದಕ್ಕೂ ಸಮನಾದ ಭಾರ ಹೊತ್ತ ತೊಲೆಯ ಅಂತರವು ಇಮ್ಮಡಿಸಿದರೆ, ದಪ್ಪ ಅಷ್ಟೇ ಇದ್ದಲ್ಲಿ, ಅದನ್ನು ಬಾಗಿಸುವ ಭ್ರಾಮಕವು 4 ಪಟ್ಟೂ ಅದರ ಬಾಗು 16 ಪಟ್ಟೂ ಆಗುತ್ತದೆ. ಲೆಕ್ಕ ಬಿಟ್ಟು ಅಂದಾಜನ್ನು ನಂಬುವುದು ಕೆಳಗೆ ಮಲಗಿದವರ ಪ್ರಾಣವನ್ನು ಪಣಕ್ಕಿಟ್ಟಂತೆ.

ಗೋಡೆಯನ್ನು ತೆಗೆಯುವುದರಲ್ಲಿರುವಷ್ಟೇ ಅಪಾಯ ಕಟ್ಟುವುದರಲ್ಲಿಯೂ ಉಂಟು. 3 ಮೀಟರ್ ಉದ್ದ, ಎರಡೂವರೆ ಮೀಟರ್ ಎತ್ತರ, ನಾಲ್ಕೂವರೆ ಅಂಗುಲ ದಪ್ಪದ ಇಟ್ಟಿಗೆ ಗೋಡೆಯ ತೂಕ ಸುಮಾರು 1600 ಕಿಲೋಗ್ರಾಂ. ಇಪ್ಪತ್ತೈದು ಜನ ಒಂದೇ ಸಾಲಿನಲ್ಲಿ ಹಗಲಿರುಳೂ ಅಟ್ಟದ ಮೇಲೆ ನಿಂತಂತೆ! ಕಾಳಿನ ಚೀಲಗಳನ್ನು ಹೊತ್ತ ಅಟ್ಟ ಇದನ್ನೂ ಹೊರುವುದೆಂಬ ವಾದ ಸಲ್ಲದು. ಚೀಲಗಳನ್ನು ಹರಡಿ ಇಡಬಹುದು, ಇಳಿಸಲೂಬಹುದು. ಗೋಡೆಯ ಭಾರವಾದರೋ ಒಂದೇ ಗೆರೆಯ ಮೇಲೆ ಶಾಶ್ವತವಾಗಿ ಕೂರುತ್ತದೆ. ಕೋಣೆಯನ್ನು ವಿಭಾಗಿಸಲೇಬೇಕಾದರೆ ಹಲಗೆಯ ಅಥವಾ ಬಿದಿರಿನ ತಟ್ಟಿಯ ಮರೆಯೇ ಲೇಸು.

ಇನ್ನು ಉಷ್ಣದ ಮಾತು. ಈ ಸೀಮೆಯ ಬೇಸಗೆಯಲ್ಲಿ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ಮೀರುವುದುಂಟು. ಅರ್ಧ ಮೀಟರ್ ದಪ್ಪದ ಮಣ್ಣಿನ ಗೋಡೆಯಲ್ಲಿ ಮಧ್ಯಾಹ್ನದ ಕಾವು ಒಳಮುಖವನ್ನು ಮುಟ್ಟಲು ಹತ್ತು ತಾಸಿಗೂ ಮಿಕ್ಕಿ ಹಿಡಿಯುತ್ತದೆ. ಅಷ್ಟರಲ್ಲಿ ಅದರ ತೀಕ್ಷ್ಣತೆಯೂ ಬಹುಮಟ್ಟಿಗೆ ಕುಗ್ಗಿರುತ್ತದೆ. ನಾಲ್ಕೂವರೆ ಅಂಗುಲದ ಇಟ್ಟಿಗೆ ಗೋಡೆಯಲ್ಲಿ ಅದೇ ಕಾವು ಮೂರು ನಾಲ್ಕು ತಾಸಿನೊಳಗೆ ಬಂದುಬಿಡುತ್ತದೆ. ದಪ್ಪಗೋಡೆಯನ್ನು ಕೆಡವಿ ತೆಳುಗೋಡೆಯನ್ನು ಕಟ್ಟಿದವರು ತುಸು ಜಾಗವನ್ನು ಗಳಿಸಿ ಸಂಜೆಯ ಓದನ್ನು ಕಳೆದುಕೊಳ್ಳುತ್ತಾರೆ.

ಹಳೆಯದನ್ನೆಲ್ಲ ಮುಟ್ಟದೆ ಉಳಿಸಬೇಕೆಂದು ನಾನು ವಾದಿಸುವುದಿಲ್ಲ. ಗೆದ್ದಲು ತಿಂದ ತೊಲೆಯನ್ನು ಬದಲಿಸಬೇಕು. ಗಾಳಿಯಾಡದ ಕೋಣೆಗೆ ಎದುರುಬದುರಾಗಿ ಕಿಟಕಿಗಳನ್ನಿಡಬೇಕು. ಆದರೆ ಕಿಟಕಿಯ ಮೇಲೆಯೂ ಭಾರ ಹೊರುವ ಅಡ್ಡತೊಲೆ ಬೇಕೇಬೇಕು. ಅನುಭವಿಯಾದ ಗೌಂಡಿಯ ಕೈಚಳಕಕ್ಕೆ ಎಂಜಿನಿಯರರ ಲೆಕ್ಕ ಜೊತೆಗೂಡಬೇಕು. ಆ ಖರ್ಚು ದುಂದಲ್ಲ.

ವಿದ್ಯಾರ್ಥಿ ಮಿತ್ರರೇ, ಭ್ರಾಮಕ, ಉಷ್ಣವಾಹಕತೆ ಎಂಬ ಮಾತುಗಳನ್ನು ನೀವು ಪರೀಕ್ಷೆಗಾಗಿ ಕಲಿತಿದ್ದೀರಿ. ಮನೆಯಲ್ಲಿ ಹಿರಿಯರು ಗೋಡೆ ಕೆಡಹುವ ವಿಚಾರವೆತ್ತಿದಾಗ, ‘ಈ ಗೋಡೆ ಏನನ್ನು ಹೊತ್ತಿದೆ?’ ಎಂದು ವಿನಯದಿಂದ ಕೇಳಿರಿ. ಉತ್ತರ ದೊರೆಯುವವರೆಗೆ ಹಾರೆ ಮೂಲೆಯಲ್ಲಿಯೇ ಇರಲಿ.